ಎರವಲು ತಂದ ಗಂಟೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವನ ಫೋನಿನ ಅಲಾರಾಂ ಹೊಡೆದುಕೊಂಡಿತು. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡಲೆಂದು ನನ್ನ ಗಂಡ ಇಟ್ಟುಕೊಂಡಿದ್ದ ಅಲಾರಾಂ ಅದು. ನಾನು ಏಳಲಿಲ್ಲ. ಅತ್ತೆ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಕುಕ್ಕರಿನ ಮುಚ್ಚಳ ಇತ್ತು. ಅದರಿಂದಲೇ ಫೋನಿಗೆ ಹೊಡೆದರು. ಗಾಜು ಸಿಡಿದು ನನ್ನ ಮಡಿಲಿಗೆ ಬಿತ್ತು. ಸದ್ದು ನಿಂತಿತು. ನಿಂತ ಮೇಲೂ ಹೊಡೆದರು. ಕೊನೆಗೆ ಮುಚ್ಚಳದ ಹಿಡಿ ಕಿತ್ತು ಕೈಗೆ ಬಂತು.

"ಹಾಳಾದ್ದು, ಇದೂ ಹೋಯ್ತು," ಅಂದರು. "ಇನ್ನು ಬೇಯಿಸೋದು ಯಾವುದ್ರಲ್ಲಿ?"

ನಾನು ಗಾಜು ಆರಿಸಿದೆ. ಬೆರಳು ಕೊಯ್ದುಕೊಂಡಿತು. ನೋವಾಗಲಿಲ್ಲ.

ಅವನು ಮೆಟ್ಟಿಲಿನಿಂದ ಬಿದ್ದು ಸತ್ತ ಎಂದು ನಮಗೆ ಹೇಳಿದ್ದರು. ಅವನ ಭಾಷಣ ಕ್ಲಬ್ಬು ಗುರುವಾರ ಸಂಜೆ ಒಂದು ಬಾಕ್ಸಿಂಗ್ ಶಾಲೆಯ ಮೇಲಿನ ಕೋಣೆಯಲ್ಲಿ ಸೇರುತ್ತಿತ್ತು. ಸಭೆ ಮುಗಿಸಿ, ಚೀಲ ಹೆಗಲಿಗೇರಿಸಿ ಇಳಿಯುವಾಗ ಕಾಲು ಜಾರಿದ ಎಂದು ಕ್ಲಬ್ಬಿನ ಅಧ್ಯಕ್ಷ ಆಸ್ಪತ್ರೆಯಲ್ಲಿ ಹೇಳಿದ. ವೈದ್ಯರು ಅದನ್ನೇ ಬರೆದುಕೊಂಡರು. ಪೊಲೀಸರು ವೈದ್ಯರು ಬರೆದದ್ದನ್ನು ಬರೆದುಕೊಂಡರು. ಉಳಿದದ್ದನ್ನು ಬೀದಿಯವರು ಸೇರಿಸಿದರು.

"ಕುಡಿದಿದ್ನೇನೇ?" ಅತ್ತೆ ಕೇಳಿದರು. ನನ್ನ ಕಡೆ ನೋಡಲಿಲ್ಲ.

"ಇಲ್ಲ ಅತ್ತೆ."

"ನನ್ನ ಹತ್ರ ಮುಚ್ಚಿಡ್ಬೇಡ. ಎದುರು ಮನೆಯವಳು ಸಮಾಧಾನ ಹೇಳೋ ನೆಪದಲ್ಲಿ ಬಂದು ಮೂಗು ಅರಳಿಸಿ ಕೇಳಿ ಹೋದ್ಲು."

"ಕೆಮ್ಮಿನ ಔಷಧಿ ಕುಡಿಸೋಕೇ ಅವನ ಬೆನ್ನು ಹತ್ತಬೇಕಿತ್ತು. ನಿಮಗೇ ಗೊತ್ತಲ್ಲ."

"ಮತ್ತೆ ವಾರವಾರ ಹತ್ತಿ ಇಳಿಯೋ ಮೆಟ್ಟಿಲಲ್ಲಿ ಹೇಗೆ ಬಿದ್ದ? ಹೇಳು. ಓದಿದವಳಲ್ವಾ, ಹೇಳು."

ನನಗೆ ಹೇಳಲು ಬರುತ್ತಿತ್ತು. ಆದರೆ ಅದನ್ನು ತಾಯಿಯ ಎದುರು ಹೇಗೆ ಹೇಳುವುದು? ನಾನು ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅವನ ಮುಖ ಒರೆಸಿದ್ದು ನಾನೇ. ಹಿಂದಲೆ ಒಡೆದಿತ್ತು. ಅದು ಸರಿ, ಅಷ್ಟಕ್ಕೆ ಮೆಟ್ಟಿಲು ಸಾಕು. ಆದರೆ ಎರಡೂ ಕೆನ್ನೆ ಊದಿದ್ದವು. ಎಡಗಣ್ಣು ಮುಚ್ಚಿಹೋಗಿತ್ತು. ತುಟಿ ಒಳಗಿನಿಂದ ಹಲ್ಲಿಗೆ ಸಿಕ್ಕಿ ಹರಿದಿತ್ತು. ಮೆಟ್ಟಿಲಿಗೆ ಎಡಗೈ ಬಲಗೈ ಅಂತ ಇರುವುದಿಲ್ಲ. ವೈದ್ಯರಿಗೆ ಹೇಳಿದ್ದೆ. "ಉರುಳುವಾಗ ಹೀಗೆಲ್ಲ ಆಗುತ್ತೆ," ಎಂದು ಅವರು ಪೆನ್ನು ಮುಚ್ಚಿಬಿಟ್ಟಿದ್ದರು.

"ಅವನ ಊಟದ ಡಬ್ಬಿ ಆ ಚೀಲದಲ್ಲೇ ಕೊಳೀತಿರುತ್ತೆ, ತೊಳಿ," ಅಂದರು ಅತ್ತೆ. ಆಸ್ಪತ್ರೆಗೆ ಅಧ್ಯಕ್ಷ ತಂದುಕೊಟ್ಟಿದ್ದ ಚೀಲ ಬಾಗಿಲ ಹಿಂದೆ ಹಾಗೇ ನೇತಾಡುತ್ತಿತ್ತು.

ಚೀಲದಲ್ಲಿ ಡಬ್ಬಿ ಇತ್ತು. ಕನ್ನಡಕ ಒರೆಸುವ ಬಟ್ಟೆ ಇತ್ತು. ಅದರ ಅಡಿಯಲ್ಲಿ ಒಂದು ಹಿತ್ತಾಳೆಯ ಕೈಗಂಟೆ ಇತ್ತು.

ಗಂಟೆ ನನಗೆ ಗೊತ್ತಿತ್ತು. ಅವನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಕೂತ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸಿ ನೋಡುವ ಭಾರದ ಕಟ್ಟು ಏರಿಸಿ, ಎದ್ದು ಓಡದ ಹಾಗೆ ಮಾಡಿ, ಕ್ಲಬ್ಬಿಗೆ ಸೇರಿ ಎಂದು ಗಂಟು ಬೀಳುತ್ತಿದ್ದ. "ಮೇಲಿನ ಸಾಲು ಓದಿ. ಈಗ ಕೆಳಗಿನದು. ನೋಡಿ, ದನಿ ಎಷ್ಟು ಚೆನ್ನಾಗಿದೆ! ನೂರು ಜನರ ಮುಂದೆ ಹೀಗೆ ಓದಬೇಕು ಅನ್ನಿಸಲ್ವಾ?" ಕ್ಲಬ್ಬಿನ ಅರ್ಧ ಜನ ಹೀಗೆ ಸಿಕ್ಕವರು. ಕೊನೆಗೆ ಸಿಕ್ಕವನು ಬಾಕ್ಸಿಂಗ್ ಕೋಚ್. ಏಟು ತಿಂದು ತಿಂದು ಒಂದು ಕಣ್ಣು ಮಂಜಾಗಿತ್ತು. ಶಿಷ್ಯರ ಪೋಷಕರ ಎದುರು ನಿಂತರೆ ಆತನಿಗೆ ಬಾಯಿ ಕಟ್ಟುತ್ತಿತ್ತಂತೆ. "ಕೈ ಓಡುತ್ತೆ, ನಾಲಗೆ ಓಡಲ್ಲ ಸಾರ್," ಎಂದನಂತೆ. ನನ್ನ ಗಂಡ ಮನೆಗೆ ಬಂದು ಕುಣಿದಾಡಿದ್ದ. "ನಾಲಗೆ ಓಡಿದ್ರೆ ಕೈ ತಾನೇ ನಿಲ್ಲುತ್ತೆ ಕಣೇ."

ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಮಾತಿನ ನಡುವೆ ಯಾರಾದರೂ 'ಆಂ' ಎಂದರೆ, 'ಅಂದ್ರೆ' ಎಂದರೆ, ಒಬ್ಬ ಸದ್ದು ಮಾಡಬೇಕು. ಮೊದಲು ಗಾಜಿನ ಲೋಟಕ್ಕೆ ಚಮಚದಿಂದ ಬಡಿಯುತ್ತಿದ್ದರು. ಲೋಟ ಒಡೆಯಿತು. ಆಗ ಅವನು ಕೆಳಗಿಳಿದು, ಸುತ್ತು ಶುರುವಾಗಲು ಬಾಕ್ಸಿಂಗ್‌ನವರು ಬಾರಿಸುವ ಗಂಟೆಯನ್ನು ಕೋಚ್ ಹತ್ತಿರವೇ ಎರವಲು ಕೇಳಿ ತಂದ. ಕೊನೆಯ ಗುರುವಾರ ಮನೆ ಬಿಡುವಾಗಲೂ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದ, "ಇವತ್ತು ನಾನೇ ಗಂಟೆಯವನು. ಒಬ್ಬರನ್ನೂ ಬಿಡಲ್ಲ."

ಗಂಟೆಯ ಮರದ ಹಿಡಿಗೆ ಬಾಕ್ಸರುಗಳು ಕೈಗೆ ಸುತ್ತಿಕೊಳ್ಳುವ ಹತ್ತಿಯ ಪಟ್ಟಿ ಸುತ್ತಿತ್ತು. ಪಟ್ಟಿ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಆ ಬಣ್ಣವನ್ನು ನಾನು ದಿನಾ ನೋಡುತ್ತೇನೆ.

ಸಭೆ ಮುಗಿದು, ಗಂಟೆ ಚೀಲಕ್ಕೆ ಸೇರಿ, ಚೀಲದ ಬಾಯಿ ಮುಚ್ಚಿ, ಆಮೇಲೆ ಅವನು ಮೆಟ್ಟಿಲಿಗೆ ಬಂದಿದ್ದರೆ ಹಿಡಿಗೆ ರಕ್ತ ಹತ್ತುವುದು ಹೇಗೆ? ಡಬ್ಬಿಗೆ ಹತ್ತಿಲ್ಲ. ಬಟ್ಟೆಗೆ ಹತ್ತಿಲ್ಲ. ರಕ್ತ ಬಂದಾಗ ಗಂಟೆ ಕೋಣೆಯಲ್ಲಿತ್ತು, ಅವನ ಕೈಯಲ್ಲಿತ್ತು. ಅವನೂ ಕೋಣೆಯಲ್ಲೇ ಇದ್ದ. ಉಳಿದವರೂ ಇದ್ದರು.

ನಾನು ಪಟ್ಟಿ ಬಿಚ್ಚಿ ಪ್ರಯೋಗಾಲಯದ ಕವರಿಗೆ ಹಾಕಿದೆ. ಡಬ್ಬಿ ತೊಳೆದೆ.

ಮಧ್ಯಾಹ್ನದೊಳಗೆ ಅಧ್ಯಕ್ಷ ಬಂದ. ವಿಮೆ ಏಜೆಂಟ್. ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿಟ್ಟು ಒಳಗೆ ಬಂದು, ಅತ್ತೆಯ ಕಾಲ ಹತ್ತಿರ ಕೂತ.

"ನಿಮ್ಮ ಮಗ ನಮ್ಮ ಬೆನ್ನೆಲುಬು ತಾಯಿ. ಅವರು ಇನ್ನೊಬ್ಬ ಸದಸ್ಯರನ್ನ ತಂದಿದ್ರೆ ನಮ್ಮ ಕ್ಲಬ್ಬಿಗೆ ಬಹುಮಾನ ಬರ್ತಿತ್ತು. ಇವತ್ತು ನಮ್ಮಲ್ಲಿ ಮಾತೇ ಇಲ್ಲದ ಹಾಗಾಗಿದೆ."

"ನೀವು ಆಡ್ತಾನೇ ಇದ್ದೀರಲ್ಲಪ್ಪ," ಅಂದರು ಅತ್ತೆ.

ಆತ ನನ್ನ ಕಡೆ ತಿರುಗಿದ. "ತಂಗಿ, ಚೀಲದಲ್ಲಿ ಒಂದು ಗಂಟೆ ಸೇರಿಹೋಗಿರ್ಬಹುದು. ಗಡಿಬಿಡಿಯಲ್ಲಿ ನಾನೇ ಹಾಕಿದ್ದೆ ಅನ್ಸುತ್ತೆ. ಕೋಚ್ ಕೇಳ್ತಿದ್ದಾರೆ. ಕೊಟ್ಬಿಟ್ರೆ..."

"ನೀವು ಹಾಕಿದ್ರಾ? ಇಳಿಯೋವಾಗ ಚೀಲ ಅವನ ಹೆಗಲ ಮೇಲಿತ್ತು ಅಂದ್ರಲ್ಲ."

"ಹೌದು. ಅಂದ್ರೆ... ಆಮೇಲೆ ಹಾಕಿದ್ದು."

ಆತ 'ಅಂದ್ರೆ' ಎಂದದ್ದು ನಾನು ಕೇಳಿದ್ದು ಅದೇ ಮೊದಲು.

"ಹುಡುಕ್ತೀನಿ," ಅಂದೆ. "ಗುರುವಾರ ನಾನೇ ತರ್ತೀನಿ."

"ನೀವ್ಯಾಕೆ ಅಷ್ಟು ದೂರ..."

"ನಾನೂ ಬರ್ತೀನಿ," ಅಂದರು ಅತ್ತೆ. "ನನ್ನ ಮಗ ಬಿದ್ದ ಮೆಟ್ಟಿಲು ನೋಡ್ಬೇಕು."

ಗುರುವಾರ ಹೋಗಿ ನೋಡಿದರೆ ಮೆಟ್ಟಿಲು ಕಡಿದಾಗಿತ್ತು, ಆದರೆ ಅಷ್ಟೇನೂ ಅಲ್ಲ. ಅತ್ತೆ ಗೋಡೆ ಹಿಡಿಯದೆ ಹತ್ತಿದರು. ಮೇಲೆ ಹೋಗಿ ತಿರುಗಿ ನೋಡಿ, "ಇದರಲ್ಲಿ ಕುಡಿದವನೂ ಬೀಳಲ್ಲ," ಅಂದರು.

ಕೆಳಗೆ ಬಾಕ್ಸಿಂಗ್ ನಡೆದಿತ್ತು. ಮರಳುಚೀಲಕ್ಕೆ ಬೀಳುವ ಏಟು ನೆಲದ ಮೂಲಕ ಏರಿ ಕುರ್ಚಿಯ ಕಾಲಿಗೆ, ಅಲ್ಲಿಂದ ನಮ್ಮ ಕಾಲಿಗೆ ಬರುತ್ತಿತ್ತು. ಕೋಣೆಯ ತುದಿಯಲ್ಲಿ ಭಾಷಣದ ಪೀಠ. ಗೋಡೆಯಲ್ಲಿ ಒಂದು ಮರದ ಚಿತ್ರ, ಸದಸ್ಯರನ್ನು ತಂದವನು ಕೊಂಬೆ, ಬಂದವರು ಎಲೆ. ಅವನ ಕೊಂಬೆ ಎಲೆಗಳ ಭಾರಕ್ಕೆ ಬಾಗಿದ ಹಾಗೆ ಬರೆದಿದ್ದರು. ತುದಿಯ ಎಲೆಯ ಮೇಲೆ 'ಕೋಚ್' ಎಂದಿತ್ತು. ಪೀಠದ ಎದುರು ನೆಲಕ್ಕೆ ಹೊಸ ಚಾಪೆ ಹಾಕಿದ್ದರು. ಬೇರೆಲ್ಲೂ ಚಾಪೆ ಇರಲಿಲ್ಲ. ಮುಂದಿನ ಸಾಲಿನ ಒಂದು ಕಬ್ಬಿಣದ ಕುರ್ಚಿಯ ಕಾಲು ಬಗ್ಗಿತ್ತು.

ಒಬ್ಬೊಬ್ಬರಾಗಿ ಎದ್ದು ಅವನ ಬಗ್ಗೆ ಮಾತಾಡಿದರು. ಮೂಲೆಯ ಮೇಜಿನ ಮೇಲೆ ಹಸಿರು, ಹಳದಿ, ಕೆಂಪು ದೀಪಗಳಿದ್ದವು. ಹಸಿರು ಹತ್ತಿದರೆ ಸಮಯ ಇದೆ ಅಂತ, ಹಳದಿಗೆ ಮುಗಿಸಬೇಕು, ಕೆಂಪಿಗೆ ಬಾಯಿ ಮುಚ್ಚಬೇಕು. ಅದನ್ನು ನೋಡಿಕೊಳ್ಳುವವಳು ಅಂಚೆ ಕಚೇರಿಯ ಗುಮಾಸ್ತೆ. ಎಲ್ಲರೂ ಆಕೆಯನ್ನು ದೀಪದಕ್ಕ ಎನ್ನುತ್ತಿದ್ದರು. ಅವನೂ ಹಾಗೇ ಕರೆಯುತ್ತಿದ್ದ.

ಭಾಷಣಗಳು ಚೆನ್ನಾಗಿದ್ದವು. ಯಾರೂ ತಡವರಿಸಲಿಲ್ಲ. ಅಧ್ಯಕ್ಷ "ದುರದೃಷ್ಟದಿಂದ ಕಾಲು ಜಾರಿ" ಎಂದ. ದರ್ಜಿ ಕೂಡ "ದುರದೃಷ್ಟದಿಂದ ಕಾಲು ಜಾರಿ" ಎಂದ. ಆಮೇಲೆ ಬಂದ ಔಷಧಿ ಅಂಗಡಿಯವನೂ ಅದನ್ನೇ ಅಂದ. ಒಂದು 'ಆಂ' ಇಲ್ಲ, ಒಂದು 'ಅಂದ್ರೆ' ಇಲ್ಲ. ಒಬ್ಬರೇ ಬರೆದುಕೊಟ್ಟ ಪಾಠ. ಕೋಚ್ ಬಂದಿರಲಿಲ್ಲ. ಕೆಳಗೆ ಆತನ ದನಿ ಕೇಳುತ್ತಿತ್ತು: "ಕೈ ಇಳಿಸ್ಬೇಡ! ಹೊಡಿ! ಇನ್ನೂ!"

"ತಂಗಿ, ನೀವು ಎರಡು ಮಾತು," ಎಂದ ಅಧ್ಯಕ್ಷ.

ನಾನು ಪೀಠಕ್ಕೆ ಹೋದೆ. ಚಾಪೆಯ ಮೇಲೆ ಕಾಲಿಡದೆ ಸುತ್ತಿಕೊಂಡು ಹೋದೆ.

"ನಿಮ್ಮಲ್ಲಿ ಒಂದು ಆಟ ಇದೆಯಂತೆ," ಅಂದೆ. "ಒಬ್ಬರು ವಿಷಯ ಕೊಡ್ತಾರೆ. ಹೆಸರು ಕರೆದವರು ಎದ್ದು ಅದರ ಮೇಲೆ ಮಾತಾಡ್ಬೇಕು. ಒಲ್ಲೆ ಅನ್ನೋ ಹಾಗಿಲ್ಲ. ಈ ಕ್ಲಬ್ಬಲ್ಲಿ ಇದುವರೆಗೂ ಯಾರೂ ಒಲ್ಲೆ ಅಂದಿಲ್ಲ, ಜ್ವರ ಬಂದವರೂ ಅಂದಿಲ್ಲ ಅಂತ ಅವನು ಜಂಬ ಕೊಚ್ಕೋತಿದ್ದ. ಇವತ್ತು ವಿಷಯ ನಾನು ಕೊಡ್ತೀನಿ."

"ಇದು ಅದಕ್ಕೆ ಸಮಯ ಅಲ್ಲ ತಂಗಿ," ಎಂದ ಅಧ್ಯಕ್ಷ.

"ದೀಪದಕ್ಕ," ಅಂದೆ. "ಹಿಂದಿನ ಸಭೆಯಲ್ಲಿ ನೀವು ಕೊನೆಗೆ ಹಚ್ಚಿದ ದೀಪ. ಅದೇ ವಿಷಯ."

ಆಕೆಯ ಬೆರಳು ಒಂದು ಗುಂಡಿಗೆ ತಾಗಿತು. ಹಸಿರು ಹತ್ತಿತು, ಆರಿತು. ನಾನು ಚೀಲದಿಂದ ಗಂಟೆ ತೆಗೆದು ಪೀಠದ ಮೇಲಿಟ್ಟೆ.

"ತಡವರಿಸಿದ್ರೆ ಹೊಡೆಯೋಕೆ ಗಂಟೆ ಇಲ್ಲಿದೆ. ಯಾರು ಹೊಡೀತೀರಿ, ಬನ್ನಿ."

ಯಾರೂ ಬರಲಿಲ್ಲ. ದರ್ಜಿ ಮುಖ ತಗ್ಗಿಸಿದ. ದೀಪದಕ್ಕ ಎದ್ದಳು.

"ಅಕ್ಕಾ, ಕೂತ್ಕೊಳ್ಳಿ," ಎಂದ ಅಧ್ಯಕ್ಷ.

"ನೀವು ಕೂತ್ಕೊಳ್ಳಿ," ಎಂದಳು ಆಕೆ. ಆಮೇಲೆ ನನ್ನನ್ನು ನೋಡದೆ, ಚಾಪೆಯನ್ನು ನೋಡುತ್ತಾ ಶುರು ಮಾಡಿದಳು.

"ಆಂ... ಕೆಂಪು. ಕೆಂಪು ದೀಪ ಹಚ್ದೆ. ಅಂದ್ರೆ, ಮೊದಲಿಂದ ಹೇಳ್ತೀನಿ. ಅವತ್ತು ಕೋಚ್ ಭಾಷಣ ಇತ್ತು. ಅದರ ಹಿಂದಿನ ವಾರ ನಿಮ್ಮೆಜಮಾನ್ರೇ ಅವರಿಗೆ ಹೇಳಿದ್ರು, ದನಿ ಚೆನ್ನಾಗಿದೆ, ಆದ್ರೆ ಕಂಬದ ಹಾಗೆ ನಿಂತಿರ್ತೀರಿ, ಮೈ ಬಳಸಿ, ಕೈ ಬಳಸಿ ಅಂತ. ಅವತ್ತು ಅದೇ ಪಾಠ. ಕೈ ಬಳಸಿ ಮಾತಾಡೋದು. ಕೋಚ್ ತಮ್ಮನ ವಿಷಯ ತಗೊಂಡ್ರು. ಅವರೇ ತಯಾರು ಮಾಡಿ ರಿಂಗಿಗೆ ಇಳಿಸಿದ ತಮ್ಮ. ಅಲ್ಲೇ ಸತ್ತನಂತೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂದ್ರೆ... ಕೋಚ್ ಮಾತುಮಾತಿಗೂ 'ಅಂದ್ರೆ' ಅಂತಿದ್ರು. 'ನನ್ನ ತಮ್ಮ, ಅಂದ್ರೆ...' ಗಂಟೆ. 'ಅವನ ಮೂಗಿಂದ, ಅಂದ್ರೆ...' ಗಂಟೆ. ನಿಯಮ ಅಲ್ವಾ. ನಾವು ನಗ್ತಿದ್ವಿ. ಎಲ್ಲರಿಗೂ ನಗ್ತೀವಿ, ಹಾಗೇ ನಕ್ವಿ. ನಿಮ್ಮೆಜಮಾನ್ರು ನಗ್ತಿರಲಿಲ್ಲ. ಮುಖ ಸಣ್ಣದು ಮಾಡ್ಕೊಂಡು, ಮೆಲ್ಲಗೆ ಹೊಡೀತಿದ್ರು. ಆದ್ರೆ ಬಿಡಲಿಲ್ಲ."

ಕೆಳಗಿನ ಏಟುಗಳು ನೆಲಕ್ಕೆ ಬಡಿಯುತ್ತಲೇ ಇದ್ದವು.

"ಕೋಚ್ ಮಾತು ನಿಲ್ಲಿಸಿದ್ರು. ಪೀಠ ಬಿಟ್ಟು ಕೆಳಗೆ ಬಂದ್ರು. ಮುಷ್ಟಿ ಎತ್ತಿದ್ರು. ಭಾಷಣದ ಭಾಗ ಅಂದ್ಕೊಂಡ್ವಿ ತಂಗಿ. ಕೈ ಬಳಸಿ ಅಂದಿದ್ರಲ್ಲ. ಮೊದಲ ಏಟು ಬಿತ್ತು. ಎಷ್ಟು ನಿಜವಾಗಿ ಮಾಡಿದ್ರು ಅಂತ..."

"ಅಂತ?" ಅಂದೆ.

"ಚಪ್ಪಾಳೆ ಹೊಡೆದ್ವಿ."

ಅತ್ತೆಯ ಕುರ್ಚಿ ಕಿರುಗುಟ್ಟಿತು.

"ಮೊದಲು ಹೊಡೆದವನು ನಾನು," ಎಂದ ದರ್ಜಿ, ಕೂತಲ್ಲಿಂದಲೇ. "ಎಲ್ಲರೂ ಹೊಡೆದ್ರು. ಅದಕ್ಕೇ ಯಾರೂ ಬಾಯಿ ಬಿಡಲಿಲ್ಲ ಅಮ್ಮ. ಸಾಯೋವನಿಗೆ ಚಪ್ಪಾಳೆ ಹೊಡೆದ್ವಿ ಅಂತ ಯಾವ ಬಾಯಲ್ಲಿ ಹೇಳೋದು?"

"ನಿಮ್ಮೆಜಮಾನ್ರು ಕುರ್ಚಿಯ ಮೇಲೆ ಬಿದ್ರು," ದೀಪದಕ್ಕ ಮುಂದುವರಿಸಿದಳು. "ಕುರ್ಚಿ ಸಮೇತ ಉರುಳಿದ್ರು. ಗಂಟೆ ಕೈಯಿಂದ ಬಿಡಲಿಲ್ಲ. ಏಳೋಕೆ ನೋಡ್ತಿದ್ರು, ನೋಡಿದಾಗೆಲ್ಲ ಕೈ ಅಲ್ಲಾಡೋದು, ಗಂಟೆ ಹೊಡೆಯೋದು. ಗಂಟೆ ಹೊಡೆದಾಗೆಲ್ಲ ಕೋಚ್ ಹೊಡೆಯೋದು. ಈ ಕಡೆ, ಆ ಕಡೆ. ಅವರ ಮೇಲೆ ಮೊಣಕಾಲೂರಿ ಕೂತಿದ್ರು. ಕಣ್ಣಲ್ಲಿ ನಾವ್ಯಾರೂ ಇರಲಿಲ್ಲ. ಕೊನೆಗೆ ಗಂಟೆ ಕೈತಪ್ಪಿ ಉರುಳಿಹೋಗಿ ಗೋಡೆಗೆ ತಾಗಿ ನಿಂತಿತು. ಆಗ ಕೋಚೂ ನಿಂತ್ರು. ನಾನು... ನನಗೆ ಏನು ಮಾಡ್ಬೇಕು ತೋಚಲಿಲ್ಲ. ಕೆಂಪು ದೀಪ ಹಚ್ದೆ. ಸಮಯ ಮುಗೀತು ಅಂತ. ಹಚ್ಕೊಂಡೇ ಕೂತಿದ್ದೆ. ಅಂದ್ರೆ ಓಡಿಹೋಗಿ ಆ ಕೈ ಹಿಡೀಬೇಕಿತ್ತು. ಅಂದ್ರೆ..."

ಆಕೆ ಎಷ್ಟೋ ಸಲ 'ಅಂದ್ರೆ' ಎಂದಳು. ಗಂಟೆ ಪೀಠದ ಮೇಲೆ ಹಾಗೇ ಇತ್ತು.

ಅತ್ತೆ ಎದ್ದು ಬಂದರು. ಚಾಪೆಯ ಅಂಚಿನಲ್ಲಿ ನಿಂತರು. "ಕುಡಿದಿರಲಿಲ್ಲ ಅಲ್ವಾ?" ಎಂದು ಕೇಳಿದರು.

"ಇಲ್ಲಮ್ಮ," ಎಂದ ದರ್ಜಿ. "ಗಂಟಲು ಒಣಗುತ್ತೆ ಅಂತ ಬರೀ ನೀರು ಕುಡೀತಿದ್ದ."

ಅತ್ತೆ ಚಾಪೆಯನ್ನು ಕಾಲಿನಿಂದ ಸರಿಸಿದರು. ಅಡಿಯಲ್ಲಿ ನೆಲವನ್ನು ಎಷ್ಟು ಉಜ್ಜಿದ್ದರೆಂದರೆ ಅಲ್ಲಿ ಮಾತ್ರ ಬೆಳ್ಳಗಿತ್ತು. ಅದನ್ನು ನೋಡಿ, ತಿರುಗಿ, ಅಧ್ಯಕ್ಷನ ಕೆನ್ನೆಗೆ ಹೊಡೆದರು. ಆತನ ಕನ್ನಡಕ ಹಾರಿತು. ನನ್ನ ಗಂಡ ಮಾಡಿಕೊಟ್ಟ ಕನ್ನಡಕ. ಇನ್ನೊಂದು ಕೆನ್ನೆಗೂ ಹೊಡೆದರು.

"ಮೆಟ್ಟಿಲು ಹೊಡೀತು ಅಂತ ಬರೆಸ್ಕೋ, ಹೋಗು."

ಆತ ಕೈ ಎತ್ತಲಿಲ್ಲ. ಬಗ್ಗಿ ಕನ್ನಡಕ ಹುಡುಕಿದ. ನೆಲ ತಡವಿ ತಡವಿ ಹುಡುಕುತ್ತಿದ್ದ ಆತನಿಗೆ ಯಾರೂ ಅದನ್ನು ಎತ್ತಿಕೊಡಲಿಲ್ಲ.

"ಅಕ್ಕಾ, ಇದನ್ನೇ ಪೊಲೀಸರ ಎದುರು ಹೇಳ್ತೀರಾ?" ಎಂದು ದೀಪದಕ್ಕನನ್ನು ಕೇಳಿದೆ.

ಆಕೆ ಆಗಲೇ ಫೋನ್ ಕಿವಿಗಿಟ್ಟಿದ್ದಳು. "ಹಲೋ," ಎಂದಳು. "ಒಂದು ಸಾವಿನ ವಿಷಯ. ಅಂದ್ರೆ, ಕೊಲೆ. ನಾನು ನೋಡಿದ್ದೀನಿ. ನೋಡಿದವರು ಇನ್ನೂ ಇದ್ದಾರೆ." ದರ್ಜಿ ಕೈ ಎತ್ತಿದ. ಆಮೇಲೆ ಔಷಧಿ ಅಂಗಡಿಯವನು. ಮತದಾನಕ್ಕೆ ಎತ್ತಿದ ಹಾಗೆ ಒಂದೊಂದೇ ಕೈ ಎದ್ದವು. ಫೋನಿನ ಆ ಕಡೆಯವನಿಗೆ ಅದು ಕಾಣುವುದಿಲ್ಲ ಎಂದು ಅವರಿಗೆ ಹೊಳೆದಿರಲಿಲ್ಲ.

ನಾನು ಗಂಟೆ ತೆಗೆದುಕೊಂಡು ಕೆಳಗಿಳಿದೆ. ಹಿಂದೆ ಅತ್ತೆ. ಅವರ ಹಿಂದೆ ಉಳಿದವರ ಹೆಜ್ಜೆ.

ಬಾಕ್ಸಿಂಗ್ ಶಾಲೆಯಲ್ಲಿ ಬೆವರಿನ, ಚರ್ಮದ ವಾಸನೆ ಇತ್ತು. ರಿಂಗಿನೊಳಗೆ ಇಬ್ಬರು ಹೊಡೆದಾಡುತ್ತಿದ್ದರು. ಒಬ್ಬನ ಹುಬ್ಬು ಒಡೆದು ರಕ್ತ ಎದೆಗೆ ಇಳಿದಿತ್ತು. ಕೋಚ್ ಹಗ್ಗಕ್ಕೆ ಒರಗಿ ನಿಂತಿದ್ದ. ಕೊರಳಿಗೆ ಟವೆಲ್ಲು, ಮೂಗಿನ ಮೇಲೆ ನಮ್ಮ ಅಂಗಡಿಯ ಕನ್ನಡಕ. ಬಲಗೈಯ ಗೆಣ್ಣುಗಳ ಮೇಲೆ ಹಕ್ಕಳೆ ಒಣಗುತ್ತಿತ್ತು. ಹಲ್ಲು ತಗುಲಿದ ಗಾಯ. ನನ್ನ ಕೈಯಲ್ಲಿದ್ದುದನ್ನು ನೋಡಿ ನೆಟ್ಟಗೆ ನಿಂತ.

"ಕೊಡಿ ಅಮ್ಮ," ಎಂದ. "ಹುಡುಗರಿಗೆ ಸುತ್ತು ಗೊತ್ತಾಗ್ತಿಲ್ಲ. ನಿಲ್ಲಿಸೋಕೇ ಬರ್ತಿಲ್ಲ."

"ನಿಮಗೂ ಬರಲಿಲ್ಲ."

ಆತ ನನ್ನ ಹೆಗಲ ಆಚೆ ನೋಡಿದ. ಬಾಗಿಲಲ್ಲಿ ದೀಪದಕ್ಕ, ದರ್ಜಿ, ಉಳಿದವರು ಇದ್ದರು. ಆತನಿಗೆ ತಿಳಿಯಿತು.

"ಗಂಟೆ ಹೊಡೆದ್ರೆ ನನ್ನ ಕೈ ನನ್ನ ಮಾತು ಕೇಳಲ್ಲ," ಎಂದ. "ಚಿಕ್ಕಂದಿನಿಂದ ಹಾಗೇ. ನಿಮ್ಮೆಜಮಾನ್ರಿಗೆ ಹೇಳಿದ್ದೆ, ಈ ಗಂಟೆ ಬೇಡ ಸಾರ್, ಬೇರೆ ತನ್ನಿ ಅಂತ. ನಕ್ಕುಬಿಟ್ರು."

ಅದು ನಿಜವಿರಬಹುದು. ಅವನು ನಗುತ್ತಿದ್ದವನೇ. ಆದರೆ ನೋಡದೆ ನಂಬಲು ನನಗೆ ಮನಸ್ಸಾಗಲಿಲ್ಲ. ನಾನು ಗಂಟೆಯನ್ನೆತ್ತಿ ರಿಂಗಿನ ಕಬ್ಬಿಣದ ಕಂಬಕ್ಕೆ ಬಡಿದೆ. ಬಲವೆಲ್ಲ ಹಾಕಿ ಬಡಿದೆ. ಭುಜದವರೆಗೆ ಜುಮ್ಮೆಂದಿತು. ಕೊಯ್ದ ಬೆರಳು ಮತ್ತೆ ಬಿಚ್ಚಿಕೊಂಡಿತು.

ಕೋಚ್‌ನ ಮುಷ್ಟಿ ಎದ್ದಿತು. ಆತ ಎತ್ತಿದ್ದಲ್ಲ, ತಾನೇ ಎದ್ದಿತು. ಒಂದು ಹೆಜ್ಜೆ ಮುಂದೆ ಬಂತು. ನನ್ನ ಮುಖದ ಎದುರು, ಉಸಿರು ತಾಗುವಷ್ಟು ಹತ್ತಿರ ನಿಂತಿತು. ಹಿಂದೆ ಯಾರೋ ಕಿರುಚಿದರು. ನಾನು ಕದಲಲಿಲ್ಲ. ಧೈರ್ಯಕ್ಕಲ್ಲ. ಕದಲುವುದು ಆಗ ನನಗೆ ನೆನಪೇ ಇರಲಿಲ್ಲ.

ಆತನ ತೋಳಿನ ನರ ಹಗ್ಗದ ಹಾಗೆ ಬಿಗಿಯಿತು. ಮೆಲ್ಲಗೆ, ಭಾರ ಇಳಿಸುವವನ ಹಾಗೆ, ಇನ್ನೊಂದು ಕೈಯಿಂದ ಹಿಡಿದು ಮುಷ್ಟಿಯನ್ನು ಕೆಳಗಿಳಿಸಿದ.

"ಕೇಳ್ತಲ್ಲ," ಅಂದೆ. "ಕೈ ಮಾತು ಕೇಳ್ತು."

ಆತ ಬಾಯಿ ತೆರೆದ. "ಅಂದ್ರೆ..." ಎಂದ. ಅಲ್ಲಿಗೆ ನಿಂತ. ಆತನ ಮಂಜುಗಣ್ಣಿನಲ್ಲಿ ನೀರು ತುಂಬಿತು. ಕನ್ನಡಕ ತೆಗೆದ. ರಿಂಗಿನಲ್ಲಿದ್ದ ಇಬ್ಬರೂ ಹೊಡೆದಾಟ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಒಡೆದ ಹುಬ್ಬಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಹೊರಗೆ ಪೊಲೀಸ್ ಜೀಪು ಬಂದು ನಿಂತ ಸದ್ದಾಯಿತು. ಪಟ್ಟಿಯ ಕವರು ನನ್ನ ಚೀಲದಲ್ಲಿ ಭದ್ರವಾಗಿತ್ತು. ಅದರ ಮೇಲಿನ ರಕ್ತ ನಮ್ಮದು, ಅದನ್ನು ಅವರಿಗೆ ಕೊಡಬೇಕು. ಗಂಟೆ ಮಾತ್ರ ಇವರದು.

ಕಂಬದ ಪಕ್ಕ ಒಂದು ಸ್ಟೂಲಿತ್ತು. ಗಂಟೆ ಕೂತು ಕೂತು ಅದರ ಮೇಲೆ ದುಂಡಗಿನ ಗುರುತು ಬಿದ್ದಿತ್ತು. ಒಳಗಿನ ನಾಲಗೆ ಅಲ್ಲಾಡದ ಹಾಗೆ ಬೆರಳಿನಿಂದ ಹಿಡಿದು, ಆ ಗುರುತಿನ ಮೇಲೆಯೇ ಗಂಟೆ ಇಟ್ಟೆ.

"ನನ್ನ ಗಂಡ ಎರವಲು ತಂದಿದ್ದ," ಅಂದೆ. "ತಗೊಳ್ಳಿ."